ಬಿಬವೇವಾಡಿಯ ಎರಡು ಕಾರು

ಹಳೇ ಕಾರೊಂದನ್ನು ಕೊಳ್ಳೋಣವೆಂದು ಬಿಬವೇವಾಡಿಯಲ್ಲಿರುವ ವಿಜಾಪುರ ಕಡೆಯ ದಂಪತಿಯ ಮನೆಗೆ ಹೋಗಿದ್ದೆ. ಗಂಡ ಬಸಣ್ಣನವರದು ಅಪ್ಪನ ಕಾಲದ ಫಿಯಾಟ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಹೆಂಡತಿ ಶಾಂತಕ್ಕನದು ತಮ್ಮದೇ ಪಗಾರದಲ್ಲಿ ಕೊಂಡಿದ್ದ ಮಾರುತಿ. ನಿಲ್ಲಿಸಲು ಜಾಗವಿದ್ದದ್ದು ಒಂದಕ್ಕೇ. ತನ್ನದು ಉಳಿಯಬೇಕು, ಇನ್ನೊಂದು ಹೋಗಬೇಕು ಅನ್ನುವುದು ಇಬ್ಬರ ಹಟ.

"ಮಾರುತಿ ಒಯ್ರಿ. ಪೆಟ್ರೋಲ್ ವಾಸನಿ ತೋರಿಸಿದ್ರ ಸಾಕು, ಅಷ್ಟು ದೂರದ ದೌಂಡ್ ಊರು ಮುಟ್ಟತದ," ಎಂದರು ಬಸಣ್ಣ.

"ಫಿಯಾಟ್ ಒಯ್ರಿ," ಎಂದರು ಶಾಂತಕ್ಕ. "ಸೋಫಾದಾಗ ಕುಂತಂಗ ಆಗತದ."

"ಮಾರುತಿ ಎಂಥಾ ಸಂದ್ಯಾಗೂ ನುಗ್ಗತದ್ರಿ!"

"ಫಿಯಾಟಿನ ಗತ್ತು ಅದಕ್ಕೆಲ್ಲಿಂದ ಬರಬೇಕ್ರಿ?"

ಬಸಣ್ಣ ತಟ್ಟನೆ ಹೆಂಡತಿಯತ್ತ ತಿರುಗಿದರು. "ಖರೇನ? ನನ್ನ ಗಾಡಿಗೆ ಗತ್ತು ಅದ ಅಂತ ಒಂದಿನಾನೂ ಅಂದಿಲ್ಲಲ್ಲ ನೀ!"

"ನೀವರ ನನ್ನ ಗಾಡಿಗೆ ಡಬ್ಬಿ ಅಂತಿದ್ರಿ," ಎಂದ ಶಾಂತಕ್ಕನ ಕಣ್ಣು ತುಂಬಿತು.

ಎರಡನ್ನೂ ಮಾರುವುದಿಲ್ಲವೆಂದು ಅಲ್ಲೇ ನಿಶ್ಚಯವಾಯಿತು. ಆ ಖುಷಿಗೆ ನನಗೆ ತಟ್ಟೆ ತುಂಬ ಸಿಹಿ ಶಿರಾ ಬಂತು.

ಹೊರಟಾಗ ಬಸಣ್ಣ, "ಮಾರುತ್ಯಾಗ ಬಿಟ್ಟು ಬರತೀನಿ," ಎಂದರು.

"ಬ್ಯಾಡ, ಫಿಯಾಟಿನ್ಯಾಗ ಹೋಗ್ರಿ," ಎಂದರು ಶಾಂತಕ್ಕ.

ಇಬ್ಬರೂ ಸೋಲುವ ಲಕ್ಷಣ ಕಾಣದೆ ನಾನು ರಿಕ್ಷಾ ಹಿಡಿದೆ. ಅಷ್ಟು ಒಳ್ಳೆಯ ಎರಡು ಕಾರುಗಳಿದ್ದ ಮನೆಯಿಂದ ರಿಕ್ಷಾದಲ್ಲಿ ವಾಪಸಾದವನು ನಾನೊಬ್ಬನೇ ಇರಬೇಕು.