ಮಧುಗಿರಿಯ ಬ್ಯಾಂಕಿನ ಮನೆ ನೋಡಿ ಬಂದದ್ದು

ತುಮಕೂರಿನಿಂದ ಮಧುಗಿರಿಗೆ ಹೋಗುವ ಬಸ್ಸು ಬೆಳಿಗ್ಗೆ ಏಳಕ್ಕೆ ಹೊರಡಬೇಕಿತ್ತು, ಹೊರಟದ್ದು ಎಂಟೂವರೆಗೆ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲ ಗ್ಯಾಸಿನ ಒಲೆ ಕಟ್ಟಿದ್ದರು. ಅದು ಹೊತ್ತಿಕೊಳ್ಳುವವರೆಗೆ ನಾವೆಲ್ಲ ಕೆಳಗೆ ನಿಂತು ಡ್ರೈವರನಿಗೆ ಬುದ್ಧಿ ಹೇಳುತ್ತಿದ್ದೆವು. ಟಿಕೀಟು ಹನ್ನೆರಡಾಣೆ. ನನ್ನ ಕೈಚೀಲದಲ್ಲಿ ಒಂದು ಪಂಚೆ, ಬ್ಯಾಂಕಿನವರ ಪ್ರಕಟಣೆ, ಮನೆಯಾಕೆ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟ ಒಂದು ಪಾವು ತೊಗರಿಬೇಳೆ ಇದ್ದವು.

ಬೇಳೆಯ ವಿಷಯ ಹೇಳಬೇಕು. ನಾನು ಸ್ಕೂಲು ಮೇಷ್ಟ್ರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ವರ್ಗದ ಮೇಲೆ ವರ್ಗವಾಗಿ ನಾವು ಒಂಬತ್ತು ಬಾಡಿಗೆ ಮನೆ ಕಂಡಿದ್ದೆವು. ಅದರಲ್ಲಿ ಪಾವಗಡದ ನಾಲ್ಕು ವರ್ಷವನ್ನು ನನ್ನ ಹೆಂಡತಿ ಪಾರ್ವತಿ ಮರೆತಿಲ್ಲ. ಅಲ್ಲಿ ನಮ್ಮ ಬಾವಿಯ ನೀರು ಎಷ್ಟು ಉಪ್ಪೆಂದರೆ, ಬೆಳಿಗ್ಗೆ ಒಲೆಗೇರಿಸಿದ ಬೇಳೆ ಮಧ್ಯಾಹ್ನವಾದರೂ ಕಾಳುಕಾಳಾಗಿಯೇ ಇರುತ್ತಿತ್ತು. ಈಗ ಮಧುಗಿರಿಯ ಒಂದು ಬ್ಯಾಂಕಿನವರು ಸಾಲ ತೀರದೆ ತಮ್ಮ ಕೈಸೇರಿದ ಮನೆಯೊಂದನ್ನು ಮಾರುತ್ತಿದ್ದರು. ಕೊಳ್ಳುವವರು ಆ ದಿನ ನಾಲ್ಕು ಗಂಟೆಯೊಳಗೆ ಬೆಲೆ ಬರೆದು ಕೊಡಬೇಕು. ಅವಳ ತವರು ಪುರವರವೂ ಅಲ್ಲಿಗೆ ಹತ್ತಿರ. "ಮನೆ ಹೆಂಗಾದ್ರೂ ಇರ್ಲಿ, ಆ ಬಾವಿ ನೀರಲ್ಲಿ ಈ ಬೇಳೆ ಬೇಯ್ಸಿ ನೋಡಿ. ಬೆಂದ್ರೆ ಬರೆದು ಕೊಡಿ. ಇಲ್ದಿದ್ರೆ ಸುಮ್ನೆ ಬಂದ್ಬುಡಿ" ಎಂದು ಅವಳು ಕಳಿಸಿದ್ದಳು.

ಕೊರಟಗೆರೆಯಲ್ಲಿ ಸಿದ್ದರಬೆಟ್ಟಕ್ಕೆ ಹೋಗುವವರು ಇಳಿದರು. ನಾನು ಉಪ್ಪಿಟ್ಟು ತಿಂದು, ಬೆಲ್ಲದ ಕಾಫಿ ಕುಡಿದೆ. ಉಳಿದದ್ದು ಹನ್ನೊಂದು ಮೈಲಿ. ಒಂದು ಏರಿನಲ್ಲಿ ಬಸ್ಸು ಕೈಕೊಟ್ಟಿತು. ಎಲ್ಲರೂ ಇಳಿದು ತಳ್ಳಿದರು. ನಾನು ತಳ್ಳುವವರ ನಡುವೆ ಬರೀ ಕೈಯಿಟ್ಟುಕೊಂಡು ನಡೆದೆನೆಂದು ಒಪ್ಪಿಕೊಳ್ಳುತ್ತೇನೆ. ಹನ್ನೆರಡರ ಬಿಸಿಲಿಗೆ ಮಧುಗಿರಿಯ ಏಕಶಿಲೆಯ ಬೆಟ್ಟ ಎದುರಿಗೆ ಬಂತು.

ಬ್ಯಾಂಕಿನ ಜವಾನ ಖಾದರ್ ಸಾಬರು ಬೀಗದ ಕೈ ಹಿಡಿದು ಕಾಯುತ್ತಿದ್ದರು. ಸಿರಾ ಕಡೆಯವರು, ಮಾತಿನಲ್ಲಿ ಸೊಗಸು. "ಮನೆ ಪಸಂದಾಗೈತೆ ಮೇಷ್ಟ್ರೇ, ನೋಡಿ" ಎಂದು ಬಾಗಿಲು ತೆರೆದರು. ನಿಜಕ್ಕೂ ಚೆನ್ನಾಗಿತ್ತು. ಅಗಲವಾದ ಜಗಲಿ, ಬೆಳಕಿನ ನಡುಮನೆ, ಹಿತ್ತಿಲಲ್ಲಿ ನುಗ್ಗೆಮರ, ಕಲ್ಲು ಕಟ್ಟಿದ ಬಾವಿ. ನೀರು ಹೇಗೆ ಎಂದು ಕೇಳಿದೆ. "ನಾನು ಕುಡ್ದಿಲ್ಲ ಸಾಬ್. ಗೊತ್ತಿಲ್ದೆ ಹೇಳೋದು ಗುನಾ, ಪಾಪ" ಎಂದರು.

ಪಕ್ಕದ ಮನೆಯ ನಂಜಮ್ಮ ಎಂಬ ವಯಸ್ಸಾದ ಹೆಂಗಸು ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು. ನಾನು ಸಂಕೋಚದಿಂದ ಬೇಳೆಯ ಗಂಟು ಕೊಟ್ಟು, ಇದನ್ನು ಬೇಯಿಸಿಕೊಡಬಹುದೇ ಎಂದೆ. ಖಾದರ್ ಸಾಬರು ಆ ಬಾವಿಯಿಂದಲೇ ಒಂದು ಕೊಡ ಸೇದಿ ಅವರ ಬಾಗಿಲಿಗೆ ತಂದಿಟ್ಟರು. "ಅದಕ್ಕೇನಂತೆ ಮೇಷ್ಟ್ರೇ, ಜಗಲಿ ಮೇಲೆ ಕೂತ್ಕಳಿ" ಎಂದು ನಂಜಮ್ಮ ಒಳಗೆ ಹೋದರು.

ಅರ್ಧ ಗಂಟೆಯಲ್ಲಿ ಬೇಳೆ ಬೆಣ್ಣೆಯಾಗಿತ್ತು. ಅದನ್ನೇ ಸಾರು ಮಾಡಿ, ಮುದ್ದೆಯೊಂದಿಗೆ ನನಗೆ ಬಡಿಸಿದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಮುದ್ದೆ ನುಂಗುತ್ತಲೇ ಮನಸ್ಸಿನಲ್ಲಿ ಆ ಮನೆಗೆ ಸುಣ್ಣ ಬಳಿಸಿಬಿಟ್ಟೆ. ಕೈತೊಳೆದು, "ಈ ಬಾವಿ ನೀರು ಅಮೃತ ಕಣಮ್ಮ" ಎಂದೆ.

"ಯಾವ ಬಾವೀದು?"

"ಬ್ಯಾಂಕಿನ ಮನೇದು. ಬೇಳೆ ಬೇಯಿಸಿದಿರಲ್ಲ."

"ಅಯ್ಯೋ ಶಿವನೇ! ಆ ಉಪ್ಪುನೀರ್ನ ಎಮ್ಮೆಗೆ ಹುಯ್ದುಬುಟ್ಟೆ! ನಮ್ಮನೆ ನೀರು ಖರ್ಚಾಯ್ತದೆ ಅಂತ ಸಂಕೋಚಪಟ್ಕಂಡು ನೀವೇ ಸೇದಿಸ್ಕಂಡ್ ಬಂದ್ರಿ ಅಂದ್ಕಂಡೆ. ಮನೆಗ್ ಬಂದೋರಿಗೆ ಯಾರಾದ್ರೂ ಉಪ್ಪುನೀರಲ್ಲಿ ಬೇಯ್ಸಿ ಇಕ್ತಾರಾ? ಊರಾಚೆ ಸೀನೀರು ಬಾವಿಯಿಂದ ಬೆಳಿಗ್ಗೆ ಹೊತ್ಕಂಡ್ ಬಂದಿದ್ದೆ, ಅದ್ರಲ್ಲೇ ಬೇಯ್ಸ್ದೆ."

ಆ ಸೀನೀರು ಬಾವಿ ಎಷ್ಟು ದೂರ ಎಂದು ಕೇಳಿದೆ. "ಮೂರು ಬೀದಿ ದಾಟ್ಬೇಕು. ಬೆಳಿಗ್ಗೆ ನಾವ್ ಹತ್ತು ಜನ ಹೆಂಗಸ್ರು ಜೊತೇಲೇ ಹೋಗ್ತೀವಿ. ಮಾತಾಡ್ಕಂಡ್ ಹೋದ್ರೆ ದೂರ ಗೊತ್ತಾಗಲ್ಲ" ಎಂದರು.

ಹೊತ್ತು ಮೂರಾಗಿತ್ತು. ಪಾರ್ವತಿಯ ಮಾತಿನ ಪ್ರಕಾರ ನಾನು ಸುಮ್ಮನೆ ಹಿಂದಿರುಗಬೇಕಿತ್ತು. ಕಾಲು ಏಳಲಿಲ್ಲ. ಒಂಬತ್ತು ಊರಲ್ಲೂ, ಇವರು ಇಂದಿದ್ದು ನಾಳೆ ಹೋಗುವವರು ಎಂದು ಯಾರೂ ನಮ್ಮನ್ನು ಹಚ್ಚಿಕೊಂಡಿರಲಿಲ್ಲ. ಪಾರ್ವತಿ ನೀರು ತಂದದ್ದೆಲ್ಲ ಒಬ್ಬಳೇ. ಇಲ್ಲಿ ಹೆಸರೂ ಗೊತ್ತಿಲ್ಲದ ನನಗೆ ಈಕೆ ತಲೆಯ ಮೇಲೆ ಹೊತ್ತು ತಂದ ನೀರು ಸುರಿದಿದ್ದರು. ಇದನ್ನು ಯೋಚಿಸುತ್ತ ಕಾಗದ ತೆಗೆದು ಬೆಲೆ ಬರೆದೆ. ಉಪ್ಪುನೀರಿನ ನೆಪದಲ್ಲಿ, ಅಂದುಕೊಂಡದ್ದಕ್ಕಿಂತ ಇನ್ನೂರು ರೂಪಾಯಿ ಕಡಿಮೆಯೇ ಬರೆದೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ?

"ನೀರು ಖಾರಾ, ಉಪ್ಪು ಅಂತ ಗೊತ್ತಾದ್ ಮೇಲೂ ಕೊಡ್ತೀರಾ ಸಾಬ್?" ಎಂದು ಖಾದರ್ ಸಾಬರು ಕಾಗದ ಹಿಡಿದು ನಿಂತರು. ಬ್ಯಾಂಕಿಗೆ ಕೊಡಿ ಎಂದೆ.

ಆ ರಾತ್ರಿ ಛತ್ರದಲ್ಲಿ ಮಲಗಿ, ಮರುದಿನದ ಬಸ್ಸಿಗೆ ಹೊರಟೆ. ಬೆಟ್ಟ ಬಹಳ ದೂರ ಹಿಂದೆ ಕಾಣುತ್ತಲೇ ಇತ್ತು. ಮನಸ್ಸು ಹಗುರವಾಗಿತ್ತು, ಹೆಂಡತಿಯ ಭಯವೊಂದನ್ನು ಬಿಟ್ಟರೆ.

ಮನೆಯಲ್ಲಿ ಏನನ್ನೂ ಮುಚ್ಚಿಡದೆ ಹೇಳಿದೆ. ಅವಳು ಕೋಣೆ ಎಷ್ಟು, ಅಟ್ಟ ಇದೆಯೇ, ಏನೂ ಕೇಳಲಿಲ್ಲ. "ಹೊತ್ತು ತಂದ ನೀರಾ? ಗುರುತಿಲ್ಲದೋರಿಗೆ?" ಎಂದಳು. ಹೌದು ಎಂದೆ. ಆಮೇಲೆ ಬೈಗುಳ ಶುರುವಾಯಿತು: "ಅಂಥೋರು ಪಕ್ಕದಲ್ಲಿರೋ ಮನೆಗೆ ಚೌಕಾಸಿ ಮಾಡಿ ಬಂದ್ರಾ? ಇನ್ಯಾರಾದ್ರೂ ಜಾಸ್ತಿ ಬರೆದಿದ್ರೆ?"

ಎಂಟು ದಿನ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಬ್ಯಾಂಕಿನ ಒಪ್ಪಿಗೆಯ ಕಾಗದ ಬಂತು. ಎರಡು ಸಲ ಓದಿಸಿಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ನಂಜಮ್ಮನೋರಿಗೆ ಒಂದು ಕಾರ್ಡು ಬರೀರಿ. ನಾವು ಬಂದ್ಮೇಲೆ, ನೀರಿಗೆ ಹೋಗೋವಾಗ ನನ್ನೂ ಕೂಗ್ಲಿ ಅಂತ" ಎಂದಳು.