ಪಟದೊಳಗಿನ ಒಣ ಬಲೆ

ದುಬೈಯ ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಹನ್ನೊಂದು ವರ್ಷ ಒಂದು ಕಡಲಿನ ಪಟ ಇತ್ತು. ಆಫೀಸಿನಲ್ಲಿದ್ದ ಡೆನ್ಮಾರ್ಕಿನ ಎಂಜಿನಿಯರ್ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಟಾಗ ನನಗೆ ಕೊಟ್ಟದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಅವರ ದೇಶದ ಚಿತ್ರಕಾರನೊಬ್ಬ ಮೆಡಿಟರೇನಿಯನ್ ತೀರಕ್ಕೆ ಹೋಗಿ ಬರೆದ ಚಿತ್ರದ ಅಚ್ಚು ಎಂದಷ್ಟೇ ಹೇಳಿದ್ದರು. ಬಿಳಿ ಬಂಡೆ, ನೀರಿನ ಅಂಚಿಗೆ ತಾಗಿದ ಕೆಂಪು ಸೂರ್ಯ, ಮರಳಿನ ಮೇಲೊಂದು ದೋಣಿ, ಅದಕ್ಕೆ ಕೈಯಾನಿಸಿ ನಿಂತ ಇಬ್ಬರು.

ಮೊಳೆ ಹೊಡೆದು ತೂಗುಹಾಕಿ, "ಒಳ್ಳೆ ಸಂಜೆ," ಎಂದೆ.

ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ಸಂಜೆ ಅಲ್ಲ ಮಾರಾಯ್ರೆ. ಇದು ಬೆಳಗ್ಗೆ."

"ನಿನ್ನ ಮಂಡೆ ಸಮ ಉಂಟಾ? ಸೂರ್ಯ ಕಡಲಲ್ಲಿ ಮುಳುಗುವುದು. ಹುಟ್ಟುವುದು ಘಟ್ಟದ ಬದಿಯಲ್ಲಿ."

"ಅದು ನಮ್ಮ ಊರಲ್ಲಿ. ಬಲೆ ನೋಡಿ, ಒಣಗಿಸಿ ಮಡಚಿ ಇಟ್ಟಿದ್ದಾರೆ. ಮೀನು ಹಿಡಿದು ಬಂದ ದೋಣಿಯಲ್ಲಿ ಬಲೆ ಹೀಗೆ ಇರ್ತದಾ? ಇವರು ಇನ್ನು ಹೋಗುವವರು."

ಅವಳು ಮಲ್ಪೆಯ ಮೀನುಗಾರರ ಮನೆಯ ಹುಡುಗಿ, ಬಲೆಯ ಪಕ್ಕದಲ್ಲೇ ಬೆಳೆದವಳು. ನಾನು ಮೇಷ್ಟರ ಮಗ. ನನಗೆ ಕಡಲು ಎಂದರೆ ಪಡುವಣ, ಅಷ್ಟೇ. ದುಬೈಯಲ್ಲೂ ಸೂರ್ಯ ನೀರಿಗೇ ಇಳಿಯುವುದನ್ನು ಕಂಡು ನನ್ನ ಹಟ ಇನ್ನೂ ಗಟ್ಟಿಯಾಗಿತ್ತು. ನಾನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಮನೆಗೆ ಯಾರು ಬಂದರೂ ಪಟ ತೋರಿಸಿ, "ಇವಳ ಸೂರ್ಯ ಕಡಲಲ್ಲಿ ಹುಟ್ಟುತ್ತಾನಂತೆ," ಎಂದು ನಗಿಸುತ್ತಿದ್ದೆ. ಅವಳೂ ನಕ್ಕು ಚಾ ಮಾಡಲು ಒಳಗೆ ಹೋಗುತ್ತಿದ್ದಳು. ಒಪ್ಪಿಕೊಂಡಳು ಎಂದೇ ನಾನು ತಿಳಿದಿದ್ದೆ.

ಹೋದ ವರ್ಷ ಹೊಟ್ಟೆಯ ಬಲಬದಿಯಲ್ಲಿ ನೋವು ಎಂದಳು. "ಗ್ಯಾಸ್. ಜೀರಿಗೆ ನೀರು ಕುಡಿ," ಎಂದೆ. ವಾರ ಬಿಟ್ಟು ಮತ್ತೆ ಹೇಳಿದಳು. ನಾನು ಮತ್ತೆ ಜೀರಿಗೆ ಎಂದೆ.

"ಗ್ಯಾಸ್ ಅಲ್ಲ ಅಂತ ನನಗೆ ಗೊತ್ತಾಗ್ತದೆ," ಎಂದಳು ಒಂದು ದಿನ.

"ಹೌದೌದು, ಸೂರ್ಯನ ವಿಷಯವೂ ನಿನಗೇ ಗೊತ್ತಾಗುವುದು," ಎಂದು ನಕ್ಕೆ. ಆವತ್ತು ಅವಳು ನಗಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಮೂರು ತಿಂಗಳಾಗಿತ್ತು. ಡಾಕ್ಟರ್ ಸ್ಕ್ಯಾನ್ ನೋಡಿ, ಸ್ವಲ್ಪ ಬೇಗ ಬರಬೇಕಿತ್ತು ಎಂದರು. ಅವಳು ನನ್ನ ಕಡೆ ತಿರುಗಲಿಲ್ಲ, ಬ್ಯಾಗಿನ ಜಿಪ್ ಎಳೆಯುತ್ತ ಕೂತಿದ್ದಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಮೇಲೆ ಐದು ತಿಂಗಳು ಇದ್ದಳು.

ಒಬ್ಬನಿಗೆ ಫ್ಲ್ಯಾಟ್ ಯಾಕೆಂದು ಸತ್ವಾದಲ್ಲಿ ಬೆಡ್ ಸ್ಪೇಸ್ ಹಿಡಿದೆ, ನಾಲ್ವರ ಕೋಣೆಯಲ್ಲಿ ಒಂದು ಮಂಚ. ಸಾಮಾನು ಕಟ್ಟಲು ಕೂತ ದಿನ ಪಟ ಇಳಿಸಿದೆ. ಹಿಂಬದಿಯಲ್ಲಿ ಹಳದಿಯಾದ ಒಂದು ಚೀಟಿ ಅಂಟಿಸಿತ್ತು. ಹನ್ನೊಂದು ವರ್ಷ ಅದು ಗೋಡೆಯ ಕಡೆಗೇ ಮುಖ ಮಾಡಿತ್ತು. ಡೆನ್ಮಾರ್ಕಿನ ಭಾಷೆ, ಓದಲಾಗಲಿಲ್ಲ. ಮೊಬೈಲಿನ ಕ್ಯಾಮರಾ ಹಿಡಿದೆ. ಅನುವಾದ ಬಂತು: ಇಟಲಿಯ ಪೂರ್ವ ತೀರ, ಬೆಳಗ್ಗೆ.

ಪಟವನ್ನು ತೊಡೆಯ ಮೇಲಿಟ್ಟುಕೊಂಡು ಬಲೆಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ಒಣಗಿತ್ತು. ಅಚ್ಚುಕಟ್ಟಾಗಿ ಮಡಚಿತ್ತು. ದೊಡ್ಡ ದನಿಯಲ್ಲಿ ಅತ್ತೆ.

"ನೀನು ಹೇಳಿದ್ದೇ ಸರಿ ಮಾರಾಯ್ತಿ," ಎಂದೆ, ಅಡುಗೆಮನೆಯ ಕಡೆ ತಿರುಗಿ. ಅಲ್ಲಿ ಎಲ್ಲವನ್ನೂ ಕಟ್ಟಿ ಆಗಿತ್ತು. ಜೀರಿಗೆಯ ಡಬ್ಬಿ ಒಂದು ಉಳಿದಿತ್ತು.