ಚಿಗವ್ವ ಕೊಟ್ಟ ಮುಡಿ

ಬೆಳಿಗ್ಗೆ ಬಚ್ಚಲಮನೆಯಿಂದ ಉಳ್ಳಾಗಡ್ಡಿಯ ಘಾಟು ಬಂತು. ಡೆಂಗಿ ಜ್ವರ ಬಿಟ್ಟ ಮೇಲೆ ಮೊಮ್ಮಗಳ ಕೂದಲು ಹಿಡಿಹಿಡಿ ಉದುರುತ್ತಿವೆ. ಮೊಬೈಲಿನಲ್ಲಿ ಯಾರೋ ಹೇಳಿದ್ದು ಕೇಳಿ ಉಳ್ಳಾಗಡ್ಡಿ ರಸ ಹಚ್ಚಿಕೊಂಡು ಕೂತಿದ್ದಳು. ನನಗೆ ಒಳಗೆ ನಿಲ್ಲಲಾಗಲಿಲ್ಲ... ಸುರಪುರದ ನಮ್ಮ ಓಣಿಯ ಚಿಗವ್ವನ ತಲೆಯೂ ಹೀಗೇ ನಾರುತ್ತಿತ್ತು.

ಸಂಬಂಧದಿಂದ ಅವಳು ನಮಗೇನೂ ಆಗಬೇಕಿರಲಿಲ್ಲ. ನಡುವಿನ ಗೋಡೆ ಒಂದೇ, ಅದಕ್ಕೇ ಚಿಗವ್ವ. ರಜಾಕಾರರ ಗದ್ದಲದಲ್ಲಿ ಅವಳ ಗಂಡ ಗಡಿ ದಾಟಿ ಹೋರಾಟದವರ ಶಿಬಿರ ಸೇರಿದ್ದ. ನಿಜಾಮನ ಆಳ್ವಿಕೆ ಮುಗಿಯಿತು, ಹೋದವರು ಒಬ್ಬೊಬ್ಬರಾಗಿ ಮರಳಿದರು. ಅವನು ಬರಲಿಲ್ಲ. ಸತ್ತನೆಂಬ ಸುದ್ದಿಯೂ ಬರಲಿಲ್ಲ. ಆ ಚಿಂತೆಯಲ್ಲೇ ವಿಷಮಜ್ವರ ಹಿಡಿದು ಮಲಗಿ ಎದ್ದವಳ ಮೊಣಕಾಲುದ್ದದ ಜಡೆ ಇಲಿಯ ಬಾಲದಂತಾಗಿತ್ತು.

ಗಂಡ ಬರುವಷ್ಟರಲ್ಲಿ ಕೂದಲು ಮೊದಲಿನಂತಾಗಬೇಕು ಎಂಬುದೊಂದೇ ಅವಳ ಹಟ. "ಅವರು ಈ ಹೆಳಲು ನೋಡೇ ಒಪ್ಪಿದ್ರು. ಈಗ ನೋಡಿದ್ರ ಏನಂದಾರು?" ಎನ್ನುತ್ತಿದ್ದಳು. ಉಳ್ಳಾಗಡ್ಡಿ ರಸ, ಗರಗದ ಸೊಪ್ಪು ಕುದಿಸಿದ ಎಣ್ಣೆ, ನೆನೆಸಿ ಅರೆದ ಮೆಂತ್ಯ... ಸ್ವಂತ ಗಂಡಂದಿರ ಬೋಳುತಲೆಗೆ ಮದ್ದು ಕಾಣದ ಹೆಂಗಸರೂ ಇವಳಿಗೆ ಮದ್ದು ಹೇಳಿದರು. ಎಲ್ಲವನ್ನೂ ಹಚ್ಚಿದಳು.

ಕಡೆಗೆ ಹಕೀಮರು ನಾಡಿ ಹಿಡಿದು ನೋಡಿ, "ಒಮ್ಮೆ ಪೂರಾ ತೆಗಿಸಿಬಿಡವ್ವಾ. ಆಮ್ಯಾಲ ಈ ಎಣ್ಣಿ ಹಚ್ಚು, ದಟ್ಟ ಬರ್ತಾವ" ಎಂದರು. ಚಿಗವ್ವ ಬೆವತುಹೋದಳು. ಅವರ ಮನೆತನದಲ್ಲಿ ಹೆಂಗಸಿನ ತಲೆ ಬೋಳಿಸುತ್ತಿದ್ದುದು ಗಂಡ ತೀರಿಕೊಂಡಾಗ.

ದಾರಿ ತೋರಿಸಿದವಳು ನಮ್ಮವ್ವ. "ಕೊಡೇಕಲ್ಲಿಗೆ ಹೋಗಿ ದೇವರಿಗೆ ಮುಡಿ ಕೊಟ್ಟು ಬಾ. ಗಂಡ ಬರ್ಲಿ ಅಂತ ಹರಕಿ ಹೊತ್ತಿದ್ದೆ ಅನ್ನು. ಯಾರು ಏನಂತಾರ?" ಅತ್ತೆಗೆ ಹೇಳಿದರೆ ಬಿಡಲಾರಳೆಂದು ತವರಿನ ನೆವ ಹೇಳಿ ಹೊರಟಳು. ಎಷ್ಟೋ ದಿನಗಳ ಮೇಲೆ ಅಂದು ನಕ್ಕಿದ್ದಳು...

ಮರಳಿ ಬಂದ ಸಂಜೆ ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಕಾಲಿಗೆ ಬಿದ್ದ ಸೊಸೆಯ ತಲೆ ಸವರಿದಳು. ಕೈ ತಟ್ಟನೆ ನಿಂತಿತು. "ಅಯ್ಯೋ ನನ ಮಗನಽ!" ಎಂದು ಎದೆ ಬಡಿದುಕೊಂಡಳು. ಸಾವಿನ ಸುದ್ದಿ ಬಂದೇ ತಲೆ ಬೋಳಿಸಿದ್ದಾರೆಂದು ಅವಳು ತಿಳಿದಿದ್ದಳು. "ಹರಕಿ ಮುಡಿರೀ ಅತ್ತಿ, ಹರಕಿ ಮುಡಿ!" ಎಂದು ಚಿಗವ್ವ ಕೂಗುತ್ತಲೇ ಇದ್ದಳು. ಅಷ್ಟರಲ್ಲಿ ಓಣಿಯೆಲ್ಲ ಕೂಡಿ ಅಳತೊಡಗಿತ್ತು.

ಮರುದಿನ ನಿಜ ತಿಳಿಯಿತು. ಆದರೆ ಅತ್ತವರು ಅತ್ತಾಗಿತ್ತು. "ಹೆತ್ತ ಕರಳು ಸುಳ್ಳು ಹೇಳಂಗಿಲ್ಲ" ಎಂದರು ಹಿರಿಯರು. ಹೆಂಗಸರು ಚಿಗವ್ವನ ಉಡಿ ತುಂಬುವುದನ್ನು ಬಿಟ್ಟರು. ನಮ್ಮವ್ವನೂ ಬಿಟ್ಟಳು. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ವರ್ಷ ತುಂಬುವುದರೊಳಗೆ ಕೂದಲು ದಟ್ಟವಾಗಿ ಬಂದವು. ಹಕೀಮರ ಎಣ್ಣೆಯನ್ನು ಊರೇ ಹೊಗಳಿತು. ಅವಳು ಕುಂಕುಮವಿಟ್ಟು, ಗಿಡ್ಡ ಹೆಳಲು ಹಾಕಿಕೊಂಡು ಸಂಜೆ ಕಟ್ಟೆಯ ಮೇಲೆ ದಾರಿ ನೋಡುತ್ತ ಕೂರುತ್ತಿದ್ದಳು. ಹೋಗಿಬರುವ ಹೆಂಗಸರು ಮುಖ ತಿರುಗಿಸುತ್ತಿದ್ದರು. ಸಾಯುವವರೆಗೂ ಹಾಗೇ ಕೂತಳು... ಅವನು ಬರಲಿಲ್ಲ.

ಇಂದು ಮಧ್ಯಾಹ್ನ ಮೊಮ್ಮಗಳ ಜೊತೆ ಯಾದಗಿರಿಯ ದವಾಖಾನೆಗೆ ಹೋದೆ. ಆಪರೇಷನ್ ಗೀಪರೇಷನ್ ಅಂದಾರೆಂದು ಅವಳಿಗೆ ಅಂಜಿಕೆ. ಡಾಕ್ಟರಮ್ಮ ನಕ್ಕುಬಿಟ್ಟರು. "ಏನೂ ಬೇಡ್ರಿ. ಜ್ವರಕ್ಕ, ಚಿಂತಿಗೆ ಉದುರಿದ ಕೂದಲ ಕೆಲವು ತಿಂಗಳಿಗೆ ತಾವಽ ಬರ್ತಾವ. ಚೊಲೋ ಉಣ್ರಿ, ಕಾಯ್ರಿ."

"ತಲಿ ಬೋಳಿಸಿದ್ರ ದಟ್ಟ ಬರ್ತಾವೇನ್ರಿ?" ಎಂದು ನಾನು ಕೇಳಿದೆ.

"ಬೋಳಿಸಿದ್ರೂ ಅಷ್ಟಽ, ಬಿಟ್ರೂ ಅಷ್ಟಽ ರೀ ಅಮ್ಮಾ."

ಮೊಮ್ಮಗಳು ಖುಷಿಯಿಂದ ನನ್ನ ಕೈ ಹಿಡಿದಳು. ಸುಮ್ಮನೆ ಕಾಯ್ದಿದ್ದರೆ ಸಾಕಿತ್ತಂತೆ. ಕಾಯುವುದೊಂದು ಚಿಗವ್ವನಿಗೆ ಚೆನ್ನಾಗಿ ಬರುತ್ತಿತ್ತು.